‘ಫೋಕ್’ ಪದದ ಅರ್ಥ ಮತ್ತು ಮೂಲ: ಜರ್ಮಾನಿಕ್ ಭಾಷೆಗಳಲ್ಲಿ ಒಂದು ಪದದ ಚರಿತ್ರೆ

ಪ್ರವೇಶ

ಒಂದು ಅಧ್ಯಯನಶಿಸ್ತು ಯಾವುದನ್ನು ನೋಡಬೇಕು, ಯಾವುದನ್ನು ಕೈಬಿಡಬೇಕು ಎಂಬ ತೀರ್ಮಾನದ ಒಂದು ಪಾಲು ಅದರ ಹೆಸರಿನಲ್ಲಿಯೇ ಅಡಗಿರುತ್ತದೆ. ನಾವು ‘ಜಾನಪದ’ ಎಂದು ಕರೆಯುವ ಶಿಸ್ತು ಆಧುನಿಕ ಕಾಲದಲ್ಲಿ ರೂಪುಗೊಂಡದ್ದು ‘ಫೋಕ್‌ಲೋರ್’ ಎಂಬ ಇಂಗ್ಲಿಷ್ ಪದದ ಮತ್ತು ‘ಫೊಲ್ಕ್ಸ್‌ಕುಂಡೆ’ ಎಂಬ ಜರ್ಮನ್ ಪದದ ನೆರಳಿನಲ್ಲಿ. ಇವೆರಡರ ಮೊದಲ ಭಾಗವೂ ಒಂದೇ ಪದ. ‘ಫೋಕ್‌ಲೋರ್’ ಪದವನ್ನು ಟಂಕಿಸಿದವರು ಯಾರು, ಯಾವಾಗ ಎಂಬ ವಿವರ ನಮ್ಮ ಪಠ್ಯಪುಸ್ತಕಗಳಲ್ಲೆಲ್ಲ ಇದೆ. ಆದರೆ ಅದಕ್ಕೂ ಸಾವಿರ ವರ್ಷ ಹಿಂದೆ ‘ಫೋಕ್’ ಏನನ್ನು ಸೂಚಿಸುತ್ತಿತ್ತು, ಸೋದರ ಭಾಷೆಗಳಲ್ಲಿ ಅದು ಯಾವ ಯಾವ ಹಾದಿ ಹಿಡಿಯಿತು ಎಂಬುದರ ಬಗೆಗೆ ಕನ್ನಡದಲ್ಲಿ ನಡೆದಿರುವ ಚರ್ಚೆ ಕಡಿಮೆ. ಈ ಪದದ ಮೂಲವನ್ನೂ ಅರ್ಥಪಲ್ಲಟಗಳನ್ನೂ ಪರಿಶೀಲಿಸಿ, ಆ ಹಿನ್ನೆಲೆಯಲ್ಲಿ ನಮ್ಮ ಪಾರಿಭಾಷಿಕ ಪದವನ್ನು ಮರಳಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಪದದ ರೂಪ ಮತ್ತು ವ್ಯುತ್ಪತ್ತಿ

ಹಳೆಯ ಇಂಗ್ಲಿಷ್, ಹಳೆಯ ಸ್ಯಾಕ್ಸನ್, ಹಳೆಯ ಫ್ರಿಸಿಯನ್, ಹಳೆಯ ಹೈಜರ್ಮನ್, ಹಳೆಯ ನಾರ್ಸ್ ಈ ಎಲ್ಲ ಭಾಷೆಗಳಲ್ಲಿಯೂ ‘ಫೊಲ್ಕ್’ ಎಂಬ ರೂಪ ದೊರೆಯುತ್ತದೆ. ಇಂದಿನ ಜರ್ಮನ್, ಡಚ್, ಆಫ್ರಿಕಾನ್ಸ್, ಯಿದ್ದಿಶ್, ಡೇನಿಶ್, ನಾರ್ವೇಜಿಯನ್, ಸ್ವೀಡಿಶ್, ಐಸ್‌ಲ್ಯಾಂಡಿಕ್ ಭಾಷೆಗಳಲ್ಲಿಯೂ ಅದು ಅಲ್ಪಸ್ವಲ್ಪ ಉಚ್ಚಾರಣಾಭೇದದೊಡನೆ ಬಳಕೆಯಲ್ಲಿದೆ. ಇಂಗ್ಲಿಷಿನಲ್ಲಿ ಮಾತ್ರ ಲಕಾರವು ಉಚ್ಚಾರಣೆಯಿಂದ ಜಾರಿ ‘ಫೋಕ್’ ಆಗಿದೆ. ಬರವಣಿಗೆಯಲ್ಲಿ ಅದು ಉಳಿದುಕೊಂಡಿದೆ. ಇವೆಲ್ಲಕ್ಕೂ ಮೂಲವಾಗಿ ಭಾಷಾಶಾಸ್ತ್ರಜ್ಞರು ‘ಫುಲ್ಕ’ ಎಂಬ ಆದಿ ಜರ್ಮಾನಿಕ್ ರೂಪವನ್ನು ಪುನಾರಚಿಸುತ್ತಾರೆ. ಗಮನಿಸಬೇಕಾದ ಅಂಶವೆಂದರೆ, ಜರ್ಮಾನಿಕ್ ಭಾಷೆಗಳಲ್ಲಿ ನಮಗೆ ದೊರೆತಿರುವ ಮೊದಲ ದೊಡ್ಡ ಕೃತಿಯಾದ, 4ನೆಯ ಶತಮಾನದ ವುಲ್ಫಿಲಾನ ಗಾಥಿಕ್ ಬೈಬಲ್ ಅನುವಾದದಲ್ಲಿ ಈ ಪದವಿಲ್ಲ. ಅಲ್ಲಿ ಜನಸಮೂಹಕ್ಕೆ ‘ಮನಗೀ’ ಎಂದೂ ಜನಾಂಗಕ್ಕೆ ‘ಥಿಯುದ’ ಎಂದೂ ಬೇರೆ ಪದಗಳಿವೆ.

ಆದಿ ಜರ್ಮಾನಿಕ್‌ಗೂ ಹಿಂದಿನ ಮೂಲದ ವಿಷಯದಲ್ಲಿ ಒಮ್ಮತವಿಲ್ಲ. ಲ್ಯಾಟಿನ್ನಿನ ‘ವುಲ್ಗುಸ್’ (ಸಾಮಾನ್ಯ ಜನ) ಪದದೊಡನೆ ಇದನ್ನು ಸಂಬಂಧಿಸುವ ಪ್ರಯತ್ನ ಹಿಂದೆ ನಡೆದಿತ್ತು. ಅರ್ಥದ ಹತ್ತಿರಕ್ಕೆ ಮಾರುಹೋದ ಈ ಊಹೆ ಧ್ವನಿನಿಯಮದ ಮುಂದೆ ನಿಲ್ಲುವುದಿಲ್ಲ. 1822ರಲ್ಲಿ ಯಾಕೋಬ್ ಗ್ರಿಮ್ ವಿವರಿಸಿದ ನಿಯಮದಂತೆ ಜರ್ಮಾನಿಕ್ ಪದಾದಿಯ ಫಕಾರವು ಮೂಲದ ಪಕಾರಕ್ಕೆ ಸಮ. ಸಂಸ್ಕೃತದ ‘ಪಿತೃ’ ಮತ್ತು ಇಂಗ್ಲಿಷಿನ ‘ಫಾದರ್’, ‘ಪಾದ’ ಮತ್ತು ‘ಫುಟ್’, ‘ಪಶು’ ಮತ್ತು ಜರ್ಮನ್ನಿನ ‘ಫೀ’ ಇದಕ್ಕೆ ನಿದರ್ಶನಗಳು. ಆದ್ದರಿಂದ ‘ಫೊಲ್ಕ್’ ಪದಕ್ಕೆ ಪಕಾರಾದಿಯಾದ ಮೂಲವನ್ನೇ ಹುಡುಕಬೇಕಾಗುತ್ತದೆ. ‘ತುಂಬು’ ಎಂಬ ಅರ್ಥದ ಇಂಡೋ-ಯುರೋಪಿಯನ್ ಧಾತುವಿನಿಂದ ಇದು ಬಂದಿರಬಹುದೆಂಬುದು ಒಂದು ಪಕ್ಷ. ಅದೇ ಧಾತುವಿನಿಂದ ಸಂಸ್ಕೃತದ ‘ಪೂರ್ಣ’, ‘ಪುರು’ (ಬಹಳ), ಗ್ರೀಕಿನ ‘ಪ್ಲೇಥೋಸ್’ (ಗುಂಪು), ಇಂಗ್ಲಿಷಿನ ‘ಫುಲ್’ ಪದಗಳು ಹುಟ್ಟಿವೆ. ಈ ಪಕ್ಷ ಸರಿಯಾದರೆ ‘ಫೋಕ್’ ಎಂದರೆ ತುಂಬಿಬಂದ ಜನ, ದಟ್ಟಣೆ. ಇದನ್ನು ಸಂಭವನೀಯ ಎನ್ನಬಹುದೇ ಹೊರತು ಸಿದ್ಧವಾದುದೆನ್ನಲಾಗದು.

ಪಡೆಯಿಂದ ಪ್ರಜೆಗೆ

ದೂರದ ಮೂಲ ಸಂದಿಗ್ಧವಾಗಿದ್ದರೂ ಪ್ರಾಚೀನ ಬಳಕೆಗಳು ಬಹುಮಟ್ಟಿಗೆ ಸ್ಪಷ್ಟವಾಗಿವೆ. ಅವುಗಳಲ್ಲಿ ಎದ್ದು ಕಾಣುವ ಅರ್ಥ ‘ಪಡೆ’, ‘ದಂಡು’. ನಾರ್ಸ್ ಪುರಾಣದಲ್ಲಿ ಫ್ರೇಯಾ ದೇವತೆಯ ನೆಲೆಯ ಹೆಸರು ‘ಫೊಲ್ಕ್‌ವಂಗ್’, ಎಂದರೆ ಪಡೆಯ ಬಯಲು. ಯುದ್ಧದಲ್ಲಿ ಮಡಿದವರಲ್ಲಿ ಅರ್ಧದಷ್ಟು ಜನರನ್ನು ಆಕೆ ಅಲ್ಲಿಗೆ ಬರಮಾಡಿಕೊಳ್ಳುತ್ತಾಳೆ, ಉಳಿದರ್ಧ ಓಡಿನ್ ದೇವನ ಪಾಲು ಎಂದು ‘ಗ್ರಿಮ್ನಿಸ್ಮಾಲ್’ ಹೇಳುತ್ತದೆ. ‘ವೊಲುಸ್ಪಾ’ದಲ್ಲಿ ಜಗತ್ತಿನ ಮೊದಲ ಯುದ್ಧವನ್ನು ಹೆಸರಿಸುವ ಸಮಾಸಪದದ ಪೂರ್ವಪದವೂ ಇದೇ. ‘ಬೇವುಲ್ಫ್’ ಕಾವ್ಯದಲ್ಲಿ ನಾಯಕರಿಗೆ ‘ಫೊಲ್ಕ್‌ತೋಗ’ ಎಂಬ ವಿಶೇಷಣವಿದೆ. ಪಡೆಯನ್ನು ಅಥವಾ ಜನರನ್ನು ಮುನ್ನಡೆಸುವವನು ಎಂದು ಅದರ ಅರ್ಥ. ಜರ್ಮನ್ನಿನಲ್ಲಿ ಕಾಲಾಳುಪಡೆಯನ್ನು ಸೂಚಿಸುವ ‘ಫೂಸ್‌ಫೊಲ್ಕ್’ ಪದದಲ್ಲಿ ಈ ಹಳೆಯ ಅರ್ಥ ಇಂದಿಗೂ ಉಳಿದಿದೆ.

ಈ ಅರ್ಥಕ್ಕೆ ಹೊರಗಿನ ಸಾಕ್ಷ್ಯವೂ ಇದೆ. ಸ್ಲಾವಿಕ್ ಭಾಷೆಗಳು ಜರ್ಮಾನಿಕ್ ಬುಡಕಟ್ಟುಗಳ ಸಂಪರ್ಕದಲ್ಲಿ ಈ ಪದವನ್ನು ಎರವಲು ಪಡೆದುವೆಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಆದಿ ಸ್ಲಾವಿಕ್‌ನಲ್ಲಿ ಫಕಾರವಿರಲಿಲ್ಲವಾದ್ದರಿಂದ ಅದು ಪಕಾರವಾಯಿತು. ರಷ್ಯನ್ನಿನ ‘ಪೊಲ್ಕ್’ ಎಂದರೆ ಇಂದಿಗೂ ಸೇನೆಯ ರೆಜಿಮೆಂಟ್. 1185ರಲ್ಲಿ ರಾಜಕುಮಾರ ಈಗೊರ್ ನಡೆಸಿದ ದಂಡಯಾತ್ರೆಯನ್ನು ಕುರಿತ ಹಳೆಯ ರಷ್ಯನ್ ಕಥನದ ಶೀರ್ಷಿಕೆಯಲ್ಲಿಯೂ ಈ ಪದವಿದೆ. ಎರವಲು ಕೊಟ್ಟ ಭಾಷೆಯಲ್ಲಿ ಮಸುಕಾದ ಅರ್ಥವನ್ನು ಎರವಲು ಪಡೆದ ಭಾಷೆ ಕಾಪಾಡಿಕೊಂಡು ಬರುವುದುಂಟೆಂಬುದಕ್ಕೆ ಇದು ಉತ್ತಮ ನಿದರ್ಶನ.

ಆಯುಧ ಹಿಡಿಯಬಲ್ಲ ಸ್ವತಂತ್ರ ಪುರುಷರೇ ಬುಡಕಟ್ಟಿನ ಸಭೆಯಲ್ಲಿ ಮಾತಾಡುವ ಹಕ್ಕುಳ್ಳವರಾಗಿದ್ದ ಸಮಾಜದಲ್ಲಿ ‘ಪಡೆ’ ಎಂಬುದು ‘ಸಮುದಾಯ’ ಎಂಬ ಅರ್ಥಕ್ಕೆ ಹೊರಳುವುದು ಸಹಜ. ಹಳೆಯ ಇಂಗ್ಲಿಷಿನ ಕಾನೂನು ಪರಿಭಾಷೆಯಲ್ಲಿ ಈ ಹೊರಳು ಕಾಣುತ್ತದೆ. ‘ಫೊಲ್ಕ್‌ಯೆಮೋಟ್’ ಎಂದರೆ ಜನರ ಸಭೆ. ‘ಫೊಲ್ಕ್‌ರಿಹ್ಟ್’ ಎಂದರೆ ಜನರ ನ್ಯಾಯ, ರೂಢಿಯ ಕಾನೂನು. ಜಾನಪದ ವಿದ್ವಾಂಸರಿಗೆ ವಿಶೇಷ ಕುತೂಹಲ ಹುಟ್ಟಿಸುವ ಜೋಡಿಯೆಂದರೆ ‘ಫೊಲ್ಕ್‌ಲಾಂಡ್’ ಮತ್ತು ‘ಬೋಕ್‌ಲಾಂಡ್’. ಎರಡನೆಯದು ಲಿಖಿತ ಸನ್ನದಿನ ಮೂಲಕ ದತ್ತವಾದ ಭೂಮಿ. ಮೊದಲನೆಯದರ ನಿಖರ ಸ್ವರೂಪದ ಬಗೆಗೆ ಇತಿಹಾಸಕಾರರಲ್ಲಿ ದೀರ್ಘವಾದ ಚರ್ಚೆ ನಡೆದಿದೆಯಾದರೂ, ರೂಢಿಯ ಹಕ್ಕಿನಿಂದ ಅನುಭವಿಸುತ್ತಿದ್ದ ಭೂಮಿ ಎಂಬ ವಿವರಣೆ ಈಗ ಹೆಚ್ಚು ಮಾನ್ಯವಾಗಿದೆ. ‘ಫೋಕ್’ ಮತ್ತು ‘ಬುಕ್’, ರೂಢಿ ಮತ್ತು ಬರಹ ಎಂಬ ಎದುರುಜೋಡಿ ಜಾನಪದಶಾಸ್ತ್ರ ಹುಟ್ಟುವುದಕ್ಕಿಂತ ಸಾವಿರ ವರ್ಷ ಮೊದಲೇ ಜಮೀನಿನ ಹಕ್ಕಿನ ಪ್ರಶ್ನೆಯಾಗಿ ಇಲ್ಲಿ ಕಾಣಿಸಿಕೊಂಡಿದೆ.

ಜನವಾಚಕ ಪದಗಳ ಪೈಪೋಟಿ

ಜನವನ್ನು ಸೂಚಿಸಲು ಜರ್ಮಾನಿಕ್ ಭಾಷೆಗಳಲ್ಲಿ ಇದೊಂದೇ ಪದವಿರಲಿಲ್ಲ. ಗಾಥಿಕ್ಕಿನ ‘ಥಿಯುದ’ ಪದದ ಬಳಗ ಒಂದು. ಇಂದಿನ ಜರ್ಮನ್ನಿನ ‘ಲೊಯ್ಟೆ’ (ಮಂದಿ) ಪದದ ಬಳಗ ಇನ್ನೊಂದು. ಮೊದಲ ಬಳಗದಿಂದ ‘ಜನರ ಮಾತಿಗೆ ಸೇರಿದುದು’ ಎಂಬ ಅರ್ಥದಲ್ಲಿ ಹುಟ್ಟಿದ ವಿಶೇಷಣವೇ ಮುಂದೆ ‘ಡಾಯ್ಚ್’ ಆಗಿ ಜರ್ಮನ್ ಭಾಷೆಗೂ ನಾಡಿಗೂ ಹೆಸರಾಯಿತು. ಇಂಗ್ಲಿಷಿನ ‘ಡಚ್’ ಪದವೂ ಅದೇ ಮೂಲದ್ದು. ಐಸ್‌ಲ್ಯಾಂಡಿಕ್‌ನಲ್ಲಿ ‘ಫೊಲ್ಕ್’ ಎಂದರೆ ಬರಿಯ ಮಂದಿ. ಜನಾಂಗಕ್ಕೆ ‘ಥ್ಯೋದ್’ ಎಂಬ ಪದವಿದೆ. ಆದ್ದರಿಂದ ಯೋನ್ ಆರ್ನಸನ್ 1862–64ರಲ್ಲಿ ಪ್ರಕಟಿಸಿದ ಐಸ್‌ಲ್ಯಾಂಡಿನ ಪ್ರಸಿದ್ಧ ಜನಪದ ಕಥಾಸಂಗ್ರಹದ ಹೆಸರಿನಲ್ಲಿ ‘ಫೊಲ್ಕ್’ ಇಲ್ಲ, ‘ಥ್ಯೋದ್’ ಇದೆ. ಜಾನಪದಶಾಸ್ತ್ರಕ್ಕೆ ‘ಫೋಕ್’ ಎಂಬ ಪದ ಅನಿವಾರ್ಯವೇನೂ ಆಗಿರಲಿಲ್ಲ ಎಂಬುದನ್ನು ಇದು ತೋರಿಸುತ್ತದೆ.

ಇಂಗ್ಲೆಂಡಿನಲ್ಲಿ 1066ರ ನಾರ್ಮನ್ ವಿಜಯದ ತರುವಾಯ ಫ್ರೆಂಚ್ ಮೂಲದ ‘ಪೀಪಲ್’ ಬಂದಿತು. 14ನೆಯ ಶತಮಾನದ ಕೊನೆಯಲ್ಲಿ ಚಾಸರ್ ಕವಿ ‘ಫೋಕ್’ ಪದವನ್ನು ಜನಸಾಮಾನ್ಯರಿಗೂ ಗಣ್ಯರಿಗೂ ಭೇದವಿಲ್ಲದೆ ಬಳಸುತ್ತಾನೆ. ಆದರೆ ಆಡಳಿತ, ಕಾನೂನು, ರಾಜಕೀಯದ ಮಾತಿನಲ್ಲಿ ಕ್ರಮೇಣ ‘ಪೀಪಲ್’ ನೆಲೆಗೊಂಡು, ‘ಫೋಕ್’ ಮನೆಮಾತಿಗೆ, ನೆಂಟರಿಷ್ಟರಿಗೆ ಸೀಮಿತವಾಗುತ್ತ ಬಂದಿತು. ನಾರ್ಫೋಕ್, ಸಫೋಕ್ ಎಂಬ ಸೀಮೆಗಳ ಹೆಸರುಗಳಲ್ಲಿ ‘ಬಡಗಣ ಜನ’, ‘ತೆಂಕಣ ಜನ’ ಎಂಬ ಹಳೆಯ ಅರ್ಥ ಹುದುಗಿ ಉಳಿಯಿತು. ಹೀಗೆ ಇಂಗ್ಲಿಷಿನಲ್ಲಿ ಪದವು ಹಳೆಯ ಕಾಲದ ಕಳೆಯನ್ನು ಪಡೆದುಕೊಂಡಿತು. ಜರ್ಮನ್ನಿನಲ್ಲಿ ಅಂಥ ಪ್ರತಿಸ್ಪರ್ಧಿ ಪದ ಬೇರೂರದಿದ್ದ ಕಾರಣ ಕೆಳವರ್ಗ, ಸಮಸ್ತ ಪ್ರಜೆ, ಜನಾಂಗ ಎಂಬ ಮೂರೂ ಅರ್ಥಗಳನ್ನು ‘ಫೊಲ್ಕ್’ ಒಂದೇ ಹೊರಬೇಕಾಯಿತು. ಮುಂದಿನ ಚರಿತ್ರೆಯ ತಿರುವುಗಳಿಗೆಲ್ಲ ಈ ಭಾರವೇ ಕಾರಣವೆನ್ನಬಹುದು.

ಹರ್ಡರ್ ಮತ್ತು ಥಾಮ್ಸ್

ಯೋಹಾನ್ ಗಾಟ್‌ಫ್ರೀಡ್ ಹರ್ಡರ್ 1773ರಲ್ಲಿ ಪ್ರಕಟವಾದ ತನ್ನ ಪ್ರಬಂಧದಲ್ಲಿ ‘ಫೊಲ್ಕ್ಸ್‌ಲೀಡ್’ (ಜನಪದ ಗೀತೆ) ಎಂಬ ಪದವನ್ನು ಚಲಾವಣೆಗೆ ತಂದನು. 1778–79ರಲ್ಲಿ ಹೊರಬಂದ ಅವನ ಗೀತಸಂಕಲನದಲ್ಲಿ ಎಸ್ಟೋನಿಯನ್, ಲಾಟ್ವಿಯನ್, ಲಿಥುವೇನಿಯನ್ ರೈತರ ಹಾಡುಗಳ ಜೊತೆಗೆ ಶೇಕ್ಸ್‌ಪಿಯರನ ನಾಟಕಗಳ ಹಾಡುಗಳಿವೆ. ಸಮಕಾಲೀನನಾದ ಗಯಟೆಯ ಕವಿತೆಯೂ ಇದೆ. ಕರ್ತೃ ಅಜ್ಞಾತನಾಗಿರಬೇಕು, ಹಾಡುವವನು ಹಳ್ಳಿಯವನಾಗಿರಬೇಕು ಎಂಬ ನಿಬಂಧನೆ ಅಲ್ಲಿಲ್ಲ. ಆದರೆ ಅದೇ ಸಂಕಲನದ ಪೀಠಿಕೆಯಲ್ಲಿ ಹರ್ಡರ್ ಒಂದು ಗೆರೆಯನ್ನು ಎಳೆಯುತ್ತಾನೆ: ಗಲ್ಲಿಗಳಲ್ಲಿ ಕೂಗಾಡುವ ಗುಂಪು ‘ಫೊಲ್ಕ್’ ಅಲ್ಲ, ಅದು ಹಾಡುವುದೂ ಇಲ್ಲ, ಕಟ್ಟುವುದೂ ಇಲ್ಲ ಎಂಬುದು ಅವನ ಅಭಿಪ್ರಾಯ. ನಗರದ ಬಡವರು ಆ ಹೊತ್ತಿಗೇ ಹೊರಗುಳಿದರು.

ಇಂಗ್ಲೆಂಡಿನಲ್ಲಿ ವಿಲಿಯಂ ಜಾನ್ ಥಾಮ್ಸ್ ‘ಆಂಬ್ರೋಸ್ ಮೆರ್ಟನ್’ ಎಂಬ ಗುಪ್ತನಾಮದಲ್ಲಿ ಬರೆದ ಪತ್ರ 1846ರ ಆಗಸ್ಟ್ 22ರ ‘ಅಥೀನಿಯಂ’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಲ್ಲಿಯವರೆಗೆ ‘ಪಾಪ್ಯುಲರ್ ಆ್ಯಂಟಿಕ್ವಿಟೀಸ್’ ಎಂಬ ಲ್ಯಾಟಿನ್ ಮೂಲದ ಹೆಸರಿನಿಂದ ಗುರುತಿಸುತ್ತಿದ್ದ ಸಾಮಗ್ರಿಗೆ ಅವನು ‘ಫೋಕ್‌ಲೋರ್’ ಎಂಬ ಅಚ್ಚ ಸ್ಯಾಕ್ಸನ್ ಸಮಾಸವನ್ನು ಸೂಚಿಸಿದನು. ‘ಲೋರ್’ ಎಂದರೆ ಬೋಧನೆ, ಕಲಿಕೆ. ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಒಂದು, ಗ್ರಿಮ್‌ನ ಜರ್ಮನ್ ಪುರಾಣಗಳ ಅಧ್ಯಯನವನ್ನು ಥಾಮ್ಸ್ ಮಾದರಿಯಾಗಿ ಮುಂದಿಟ್ಟನು. ಎರಡು, ಹಿಂದಿನ ಕಾಲದ ನಡವಳಿಕೆ, ಆಚರಣೆ, ನಂಬಿಕೆ, ಲಾವಣಿ, ಗಾದೆಗಳನ್ನು ಅವನು ಪಟ್ಟಿಮಾಡಿದನು. ಇಂಗ್ಲಿಷಿನಲ್ಲಿ ಆ ಹೊತ್ತಿಗೆ ಹಳತಾಗಿ ತೋರುತ್ತಿದ್ದ ಪದವೊಂದು ಹಳತರ ಅಧ್ಯಯನಕ್ಕೆ ಹೆಸರಾಯಿತು. 1878ರಲ್ಲಿ ಲಂಡನ್ನಿನಲ್ಲಿ ‘ಫೋಕ್‌ಲೋರ್ ಸೊಸೈಟಿ’ ಸ್ಥಾಪನೆಯಾಗುವುದರೊಡನೆ ಈ ಹೆಸರು ಸ್ಥಿರಪಟ್ಟಿತು.

ಒಳಗು–ಹೊರಗಿನ ಗೆರೆ

19 ಮತ್ತು 20ನೆಯ ಶತಮಾನಗಳಲ್ಲಿ ಒಂದೇ ಪದ ಸೋದರ ಭಾಷೆಗಳಲ್ಲಿ ಪರಸ್ಪರ ವಿರುದ್ಧವಾದ ಕೆಲಸಗಳನ್ನು ಮಾಡಿತು. ಸ್ಕ್ಯಾಂಡಿನೇವಿಯಾದಲ್ಲಿ ಅದು ಪ್ರಜಾಪ್ರಭುತ್ವದ ಪದವಾಯಿತು. 1844ರಲ್ಲಿ ಗ್ರುಂಡ್‌ಟ್ವಿಗ್‌ನ ವಿಚಾರಗಳಿಂದ ಪ್ರೇರಿತವಾಗಿ ಡೇನಿಶ್ ರೈತಯುವಕರಿಗಾಗಿ ಮೊದಲ ‘ಫೊಲ್ಕ್’ ಪ್ರೌಢಶಾಲೆ ರೋಡಿಂಗ್‌ನಲ್ಲಿ ತೆರೆಯಿತು. 1849ರ ಸಂವಿಧಾನದಲ್ಲಿ ಶಾಸನಸಭೆಯ ಒಂದು ಸದನಕ್ಕೆ ‘ಫೊಲ್ಕೆಟಿಂಗ್’ ಎಂಬ ಹೆಸರು ಬಂದಿತು. 1928ರಲ್ಲಿ ಪೆರ್ ಆಲ್ಬಿನ್ ಹಾನ್ಸನ್ ಸ್ವೀಡನ್ನಿನ ಸಮಾಜವನ್ನು ‘ಫೊಲ್ಕ್‌ಹೆಮ್’ (ಜನರ ಮನೆ) ಆಗಿಸುವ ಮಾತಾಡಿದನು. ದಕ್ಷಿಣ ಆಫ್ರಿಕಾದ ಆಫ್ರಿಕಾನ್ಸ್ ಭಾಷೆಯಲ್ಲಿ ‘ಫೊಲ್ಕ್’ ಎಂದರೆ ಆಫ್ರಿಕಾನರ್ ಜನಾಂಗ. ಕೇಪ್ ಸೀಮೆಯ ಹೊಲಗಳಲ್ಲಿ ಅದೇ ಪದ ದುಡಿಯುವ ಕಪ್ಪುಮಿಶ್ರ ವರ್ಣದ ಕೂಲಿಯಾಳುಗಳನ್ನೂ ಸೂಚಿಸುತ್ತಿತ್ತು. ಒಡೆಯನ ಹೆಮ್ಮೆಗೂ ಆಳಿನ ಗುರುತಿಗೂ ಒಂದೇ ಹೆಸರು.

ಜರ್ಮನಿಯಲ್ಲಿ ಪದವು ಹಿಡಿದ ಹಾದಿ ಹೆಚ್ಚು ದಾರುಣವಾದುದು. 1810ರಲ್ಲಿ ಫ್ರೀಡ್‌ರಿಶ್ ಲುಡ್ವಿಗ್ ಯಾನ್ ‘ಫೊಲ್ಕ್ಸ್‌ಟುಮ್’ ಎಂಬ ಪದವನ್ನು ಪ್ರಚಾರಕ್ಕೆ ತಂದು ಜನಾಂಗಕ್ಕೊಂದು ಅಂತಃಸತ್ವವಿದೆಯೆಂದು ಸಾರಿದನು. 1858ರಲ್ಲಿ ವಿಲ್ಹೆಲ್ಮ್ ಹೈನ್‌ರಿಶ್ ರೀಲ್ ಫೊಲ್ಕ್ಸ್‌ಕುಂಡೆ ಒಂದು ವಿಜ್ಞಾನವೆಂದು ಪ್ರತಿಪಾದಿಸಿದನು. ‘ಫೊಲ್ಕಿಶ್’ ಎಂಬ ವಿಶೇಷಣ ಜನಾಂಗಶುದ್ಧಿಯ ಚಳವಳಿಯ ಗುರುತಾಯಿತು. 1920ರ ಫೆಬ್ರವರಿ 24ರಂದು ಪ್ರಕಟವಾದ ನಾಜಿ ಪಕ್ಷದ ಕಾರ್ಯಕ್ರಮದ 4ನೆಯ ಅಂಶ ‘ಫೊಲ್ಕ್ಸ್‌ಗೆನೋಸ್ಸೆ’ (ಜನಬಾಂಧವ) ಆದವನು ಮಾತ್ರ ನಾಗರಿಕನಾಗಬಲ್ಲ, ಅದಕ್ಕೆ ಜರ್ಮನ್ ರಕ್ತ ಬೇಕು, ಆದ್ದರಿಂದ ಯಾವ ಯೆಹೂದಿಯೂ ಆ ಬಳಗಕ್ಕೆ ಸೇರಲಾರ ಎಂದು ವಿಧಿಸಿತು. 1933ರ ಅಗ್ಗದ ರೇಡಿಯೋಗೆ ‘ಫೊಲ್ಕ್ಸ್‌ಎಂಪ್‌ಫೆಂಗರ್’, 1934ರ ಭಯಾನಕ ವಿಶೇಷ ನ್ಯಾಯಾಲಯಕ್ಕೆ ‘ಫೊಲ್ಕ್ಸ್‌ಗೆರಿಶ್ಟ್ಸ್‌ಹೋಫ್’ ಎಂದು ಹೆಸರಿಡಲಾಯಿತು. 1944ರ ಶರತ್ಕಾಲದಲ್ಲಿ ಹದಿನಾರರಿಂದ ಅರವತ್ತು ವಯಸ್ಸಿನ ಗಂಡಸರನ್ನು ಸೇರಿಸಿ ಕಟ್ಟಿದ ಕೊನೆಯ ಪಡೆಯ ಹೆಸರು ‘ಫೊಲ್ಕ್ಸ್‌ಸ್ಟುರ್ಮ್’. ಪಡೆಯೆಂಬ ಅರ್ಥದಿಂದ ಹೊರಟ ಪದ ಸೋಲುತ್ತಿದ್ದ ಪಡೆಯೊಂದರ ಹೆಸರಾಗಿ ಮರಳಿತು. ಈ ಅವಧಿಯಲ್ಲಿ ಫೊಲ್ಕ್ಸ್‌ಕುಂಡೆಯ ಅನೇಕ ವಿದ್ವಾಂಸರು ಆಳುವವರ ಸಂಸ್ಥೆಗಳಲ್ಲಿ ದುಡಿದರು. ಸಂಗ್ರಹ, ವರ್ಗೀಕರಣ, ಮೂಲಶೋಧನೆಗಳೆಂಬ ನಿರುಪದ್ರವಿ ಕೆಲಸಗಳೇ ‘ಯಾರು ನಮ್ಮವರು’ ಎಂಬುದಕ್ಕೆ ಪುರಾವೆಗಳಾಗಿ ಒದಗಿದುವು.

ಇದೇ ಕಾಲದಲ್ಲಿ ಹೊರಗಿಡಲ್ಪಟ್ಟವರ ಭಾಷೆಯಲ್ಲಿಯೂ ಈ ಪದವಿತ್ತು. ಪೂರ್ವ ಯುರೋಪಿನ ಯೆಹೂದಿಗಳ ಯಿದ್ದಿಶ್ ಒಂದು ಜರ್ಮಾನಿಕ್ ಭಾಷೆ. ಅದರಲ್ಲಿಯೂ ಜನ ಎಂದರೆ ‘ಫೊಲ್ಕ್’. 1912ರಿಂದ 1914ರವರೆಗೆ ಅನ್‌ಸ್ಕಿ ನೇತೃತ್ವದ ತಂಡ ವೊಲ್ಹಿನಿಯಾ ಮತ್ತು ಪೊಡೋಲಿಯಾದ ಯೆಹೂದಿ ಊರುಗಳಲ್ಲಿ ಕಥೆ, ಹಾಡು, ನಂಬಿಕೆಗಳನ್ನು ಸಂಗ್ರಹಿಸಿತು. 1925ರಲ್ಲಿ ವಿಲ್ನಾದಲ್ಲಿ ನೆಲೆಗೊಂಡ ‘ಯಿವೋ’ ಸಂಸ್ಥೆ ಸಾಮಾನ್ಯ ಜನರನ್ನೇ ಸಂಗ್ರಾಹಕರನ್ನಾಗಿ ಮಾಡಿಕೊಂಡು ಈ ಕೆಲಸವನ್ನು ಮುಂದುವರಿಸಿತು. ಆ ಹಾಡುಗಳ ಹಾಡುಗಾರರಲ್ಲಿ, ಆ ಸಂಗ್ರಾಹಕರಲ್ಲಿ ಬಹುಪಾಲು ಜನ ಮುಂದೆ ಅದೇ ಪದದ ಹೆಸರಿನಲ್ಲಿ ಕೊಲ್ಲಲ್ಪಟ್ಟರು. ಸಂಗ್ರಹದ ಒಂದು ಭಾಗವಷ್ಟೇ ಉಳಿಯಿತು.

ಯುದ್ಧಾನಂತರದ ಪರಾಮರ್ಶೆ

ಬರ್ಟೋಲ್ಟ್ ಬ್ರೆಕ್ಟ್ ದೇಶಭ್ರಷ್ಟನಾಗಿದ್ದಾಗ, 1935ರ ಒಂದು ಪ್ರಬಂಧದಲ್ಲಿ, ‘ಫೊಲ್ಕ್’ ಎನ್ನುವ ಬದಲು ‘ಬೆಫೊಲ್ಕೆರುಂಗ್’ (ಜನವಸತಿ, ಅಲ್ಲಿ ವಾಸಿಸುವವರು) ಎಂದರೆ ಎಷ್ಟೋ ಸುಳ್ಳುಗಳಿಗೆ ಆಸರೆ ತಪ್ಪುತ್ತದೆ ಎಂಬ ಭಾವದ ಮಾತನ್ನು ಬರೆದಿದ್ದನು. ಬರ್ಲಿನ್ನಿನ ಸಂಸತ್ ಭವನದ ಮುಂಭಾಗದಲ್ಲಿ 1916ರಿಂದ ‘ಜರ್ಮನ್ ಫೊಲ್ಕ್‌ಗೆ’ ಎಂಬ ಅರ್ಪಣೆಯ ಬರಹವಿದೆ. 2000ದಲ್ಲಿ ಹಾನ್ಸ್ ಹಾಕೆ ಎಂಬ ಕಲಾವಿದ ಅದೇ ಭವನದ ಒಳಾಂಗಣದಲ್ಲಿ ‘ಬೆಫೊಲ್ಕೆರುಂಗ್‌ಗೆ’ ಎಂಬ ಅರ್ಪಣೆಯನ್ನು ಅದೇ ಅಕ್ಷರಶೈಲಿಯಲ್ಲಿ ಸ್ಥಾಪಿಸಿದನು. ಒಂದು ಪದಕ್ಕಾಗಿ ಸಂಸತ್ತಿನಲ್ಲಿ ಚರ್ಚೆ ನಡೆದು ಮತಕ್ಕೆ ಹೋಗಬೇಕಾಯಿತು. ನಡುವೆ, 1989ರ ಶರತ್ಕಾಲದಲ್ಲಿ, ಲೈಪ್‌ಸಿಗ್ ಬೀದಿಗಳಲ್ಲಿ ‘ನಾವೇ ಫೊಲ್ಕ್’ ಎಂಬ ಘೋಷಣೆ ಪೂರ್ವ ಜರ್ಮನಿಯ ಆಡಳಿತವನ್ನು ಅಲುಗಿಸಿತು. ಕೆಲವೇ ವಾರಗಳಲ್ಲಿ ಅದರ ಜೊತೆಗೆ ‘ನಾವು ಒಂದೇ ಫೊಲ್ಕ್’ ಎಂಬ ಕೂಗೂ ಸೇರಿತು. ಮೊದಲನೆಯದು ಆಳುವವರ ಎದುರಿನ ಪ್ರಜೆ, ಎರಡನೆಯದು ಜನಾಂಗ.

ಅಧ್ಯಯನಶಿಸ್ತಿನೊಳಗೂ ಇದೇ ಮಂಥನ ನಡೆಯಿತು. ಹೆರ್ಮಾನ್ ಬೌಸಿಂಗರ್ 1961ರ ತನ್ನ ಗ್ರಂಥದಲ್ಲಿ ತಂತ್ರಜ್ಞಾನದ ಜಗತ್ತಿನಲ್ಲಿಯೂ ಜನಸಂಸ್ಕೃತಿ ಜೀವಂತವಾಗಿದೆಯೆಂದು ತೋರಿಸಿದನು. 1971ರಲ್ಲಿ ಟ್ಯೂಬಿಂಗನ್ನಿನ ಅವನ ಸಂಸ್ಥೆ ಫೊಲ್ಕ್ಸ್‌ಕುಂಡೆ ಎಂಬ ಹೆಸರನ್ನು ಬಿಟ್ಟು ‘ಅನುಭವಾಧಾರಿತ ಸಂಸ್ಕೃತಿವಿಜ್ಞಾನ’ ಎಂಬರ್ಥದ ಹೆಸರನ್ನು ತಳೆಯಿತು. ಅರ್ಧ ಶತಮಾನದ ಬಳಿಕ, 2021ರಲ್ಲಿ, ಜರ್ಮನಿಯ ರಾಷ್ಟ್ರಮಟ್ಟದ ವಿದ್ವತ್ಸಂಘವೂ ಅದೇ ಹೆಸರನ್ನು ಅಂಗೀಕರಿಸಿತು. ಅಮೆರಿಕದಲ್ಲಿ ಇನ್ನೊಂದು ಬಗೆಯ ಪರಿಹಾರ ಕಾಣಿಸಿಕೊಂಡಿತು. 1965ರಲ್ಲಿ ಅಲನ್ ಡಂಡಸ್ ಪದವನ್ನು ಬಿಡದೆ ಗೆರೆಯನ್ನು ಅಳಿಸಲು ಯತ್ನಿಸಿ, ಕನಿಷ್ಠ ಒಂದು ಸಮಾನ ಅಂಶವನ್ನು ಹಂಚಿಕೊಂಡ ಯಾವುದೇ ಗುಂಪೂ ‘ಫೋಕ್’ ಎಂದು ನಿರೂಪಿಸಿದರು.

ಕನ್ನಡದ ‘ಜನಪದ’

ಈ ಪದ ನಮ್ಮಲ್ಲಿಗೆ ಬಂದಾಗ ಏನಾಯಿತೆಂಬುದಕ್ಕೆ ಒಂದು ಆರಂಭಿಕ ಸಾಕ್ಷ್ಯ 1871ರಲ್ಲಿ ಪ್ರಕಟವಾದ ಚಾರ್ಲ್ಸ್ ಗೋವರ್‌ನ ದಕ್ಷಿಣ ಭಾರತದ ‘ಫೋಕ್‌ಸಾಂಗ್ಸ್’ ಸಂಕಲನ. ಅದರ ಕನ್ನಡ ಭಾಗದಲ್ಲಿ ಪ್ರಧಾನವಾಗಿರುವುದು ಅಂಕಿತಸಹಿತವಾದ ದಾಸರ ಪದಗಳು. ತೆಲುಗಿನ ಭಾಗದಲ್ಲಿ ವೇಮನನಿದ್ದಾನೆ. ಗೋವರ್‌ನ ಪಾಲಿಗೆ ಜನರ ಬಾಯಲ್ಲಿದ್ದುದೆಲ್ಲ ‘ಫೋಕ್’. 1931ರ ‘ಗರತಿಯ ಹಾಡು’ ಸಂಕಲನ ಹಾಡುವ ಹೆಣ್ಣನ್ನೇ ಹೆಸರಿಸಿತೇ ಹೊರತು ‘ಜನಪದ’ ಎನ್ನಲಿಲ್ಲ. 20ನೆಯ ಶತಮಾನದ ನಡುಭಾಗದಲ್ಲಿ ವಿಶ್ವವಿದ್ಯಾಲಯಗಳ ಸಂಶೋಧನೆಯೊಡನೆ ‘ಜನಪದ’ ಮತ್ತು ‘ಜಾನಪದ’ ಪಾರಿಭಾಷಿಕ ಪದಗಳಾಗಿ ನೆಲೆಗೊಂಡುವು. ಹಿಂದಿ, ಮರಾಠಿ, ಬಂಗಾಳಿಗಳು ‘ಲೋಕ’ ಎಂಬ ಪದವನ್ನು ಆರಿಸಿಕೊಂಡರೆ ಕನ್ನಡ ಮತ್ತು ತೆಲುಗು ‘ಜನಪದ’ವನ್ನು ಆರಿಸಿಕೊಂಡುವು.

ಈ ಆಯ್ಕೆಯ ಪರಿಣಾಮವನ್ನು ಪರಿಶೀಲಿಸಬೇಕು. ‘ಜನಪದ’ ಎಂದರೆ ಜನರು ಹೆಜ್ಜೆಯೂರಿದ ನೆಲೆ. ಪ್ರಾಚೀನ ಭಾರತದ ಹದಿನಾರು ಮಹಾಜನಪದಗಳು ಪ್ರದೇಶಗಳು. ‘ಕವಿರಾಜಮಾರ್ಗ’ದಲ್ಲಿ ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಹೇಳುವಲ್ಲಿ ಬರುವ ‘ಜನಪದ’ವೂ ಪ್ರದೇಶವಾಚಕ. ಕೌಟಿಲ್ಯನ ಸಪ್ತಾಂಗಗಳಲ್ಲಿ ಜನಪದ ಒಂದು ಅಂಗವಾದರೆ, ದುರ್ಗ ಮತ್ತು ದಂಡ ಬೇರೆ ಅಂಗಗಳು. ಪೌರ ಮತ್ತು ಜಾನಪದ ಎಂಬ ಜೋಡಿಯಲ್ಲಿ ಜಾನಪದನು ಪಟ್ಟಣದ ಹೊರಗಿನವನು. ಜರ್ಮಾನಿಕ್ ಪದ ‘ದಂಡ’ದ ಅರ್ಥದಿಂದ, ಎಂದರೆ ಚಲಿಸುವ ಜನರಿಂದ, ಹೊರಟಿತು; ನಮ್ಮ ಪದ ನಿಂತ ನೆಲದಿಂದ ಹೊರಟಿತು. ‘ಫೋಕ್’ ಪದಕ್ಕೆ ಗ್ರಾಮೀಣತೆ ಕಾಲಾಂತರದಲ್ಲಿ ಅಂಟಿಕೊಂಡ ಅರ್ಥ. ‘ಜಾನಪದ’ ಪದಕ್ಕೆ ಅದು ಹಳೆಯ ಶಾಸ್ತ್ರಗಳಿಂದಲೇ ಬಂದ ಅರ್ಥ. ಹೀಗಾಗಿ ಅನುವಾದದಲ್ಲಿ ಜನಾಂಗಶುದ್ಧಿಯ ಭಾರವನ್ನು ನಾವು ಬಹುಮಟ್ಟಿಗೆ ತಪ್ಪಿಸಿಕೊಂಡೆವು. ಬದಲಿಗೆ ನೆಲದ ಗೆರೆಯನ್ನು ಗಟ್ಟಿಮಾಡಿಕೊಂಡೆವು. ಊರಿಂದೂರಿಗೆ ನಡೆದು ವಂಶಾವಳಿ ಹೇಳುವ ಹೆಳವರು, ಅಲೆಮಾರಿ ಗಾಯಕರು, ನಗರದ ಕೂಲಿಗಳು ನಮ್ಮ ವ್ಯಾಖ್ಯೆಯ ಅಂಚಿನಲ್ಲಿ ನಿಲ್ಲುವಂತಾದುದು ಇದರಿಂದ. ಬೆಂಗಳೂರಿನ ನಡುಪೇಟೆಯಲ್ಲಿ ನಡೆಯುವ ಕರಗವನ್ನು ಜನಪದವೆಂದು ಒಪ್ಪುವಾಗಲೂ ಅದು ಹಿಂದಿನ ಹಳ್ಳಿಬಾಳಿನ ಉಳಿಕೆಯೆಂಬ ಸಮಜಾಯಿಷಿಯನ್ನು ಸೇರಿಸುವ ರೂಢಿ ನಮ್ಮಲ್ಲಿದೆ. ಜನಪದ ಸಾಮಗ್ರಿ ಹಳ್ಳಿಗೆ ಮಾತ್ರ ಸೇರಿದ್ದಲ್ಲ, ನಗರದ ವಿದ್ಯಾವಂತರ ಬಾಲ್ಯದಲ್ಲಿಯೂ ಹಿತ್ತಿಲಲ್ಲಿಯೂ ಅದು ಹರಡಿಕೊಂಡಿದೆ ಎಂದು ಎ.ಕೆ. ರಾಮಾನುಜನ್ ವಾದಿಸಿದ್ದು ಈ ಸಂದರ್ಭದಲ್ಲಿ ಸ್ಮರಣೀಯ.

ಉಪಸಂಹಾರ

ಮೇಲಿನ ವಿವೇಚನೆಯಿಂದ ತಿಳಿದುಬರುವಂತೆ ‘ಫೋಕ್’ ಎಂಬುದಕ್ಕೆ ಎಲ್ಲ ಕಾಲಕ್ಕೂ ಸಲ್ಲುವ ಒಂದು ತಿರುಳಿಲ್ಲ. ತನ್ನ ಎದುರಿಗೆ ಏನು ನಿಂತಿದೆಯೆಂಬುದರಿಂದ ಅದರ ಅರ್ಥ ನಿರ್ಧಾರವಾಗಿದೆ: ಶತ್ರುವಿನ ಎದುರು ಪಡೆ, ಸನ್ನದಿನ ಎದುರು ರೂಢಿ, ಪಟ್ಟಣದ ಎದುರು ಹಳ್ಳಿ, ಅರಸೊತ್ತಿಗೆಯ ಎದುರು ಪ್ರಜೆ, ‘ಪರ’ ಜನಾಂಗದ ಎದುರು ‘ಸ್ವ’ ಜನಾಂಗ. ಆದ್ದರಿಂದ ಜನಪದರು ಯಾರು ಎಂದು ಕೇಳುವಾಗಲೆಲ್ಲ ಯಾರನ್ನು ಹೊರಗಿಟ್ಟು ಈ ಹೆಸರನ್ನು ಬಳಸುತ್ತಿದ್ದೇವೆಂದು ಕೇಳಿಕೊಳ್ಳುವುದು ಸಂಶೋಧಕರ ಕರ್ತವ್ಯವಾಗುತ್ತದೆ. ಜರ್ಮನ್ ವಿದ್ವಾಂಸರು ತಮ್ಮ ಚರಿತ್ರೆಯ ಒತ್ತಡದಿಂದ ಹೆಸರನ್ನೇ ಬಿಟ್ಟುಕೊಟ್ಟರು. ನಾವು ಹಾಗೆ ಮಾಡಬೇಕಾದ ಅಗತ್ಯವಿಲ್ಲ. ‘ಜಾನಪದ’ ಎಂಬ ಹೆಸರಿನಲ್ಲಿ ಅಕಾಡೆಮಿ, ಪರಿಷತ್ತು, ವಿಶ್ವವಿದ್ಯಾಲಯಗಳನ್ನು ಕಟ್ಟಿಕೊಂಡಿರುವ ನಾಡು ಇದು. ಕ್ಷೇತ್ರಕಾರ್ಯದ ವಕ್ತೃಗಳನ್ನು ಆರಿಸುವಾಗ, ಸಂಪುಟಗಳಿಗೆ ಸಾಮಗ್ರಿಯನ್ನು ಸೇರಿಸುವಾಗ, ಪ್ರಶಸ್ತಿಗೆ ಕಲಾವಿದರನ್ನು ಗುರುತಿಸುವಾಗ ಈ ಹೆಸರಿನ ‘ಪದ’ ಎಲ್ಲಿ ಊರಿದೆಯೆಂಬ ಎಚ್ಚರವಿದ್ದರೆ, ನೆಲವಿಲ್ಲದವರ ಹಾಡಿಗೂ ಅಲ್ಲಿ ಎಡೆ ದೊರೆಯುತ್ತದೆ.